ಅರ್ಧ ಸಾಕ್ಷಿಯನ್ನು ಪೂರ್ತಿ ಮಾಡಿದ ಅಯ್ಯನವರು

ಸಭಾಪಾಲಕರಾಗಿ ಮೂವತ್ತಾರು ವರ್ಷ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಅಯ್ಯನವರು, ಖಿನ್ನತೆಯಿಂದ ನರಳುವ ವಿಶ್ವಾಸಿಗಳಿಗೆ ದೇವಾಲಯದ ಬಾಗಿಲು ತೆರೆದವರಲ್ಲಿ ಮೊದಲಿಗರೆಂದು ಈ ಸಂಪುಟದ ಹಲವು ಲೇಖಕರು ಬರೆದಿದ್ದಾರೆ. ಈ ವಿಷಯದಲ್ಲಿ ಅವರ ಮಾತಿಗೆ ಇಂದು ವೈದ್ಯರೂ ಕಿವಿಗೊಡುತ್ತಾರೆ, ಪಾದ್ರಿಗಳನ್ನು ತಯಾರು ಮಾಡುವ ಕಾಲೇಜುಗಳೂ ಅವರನ್ನು ಕರೆಸಿಕೊಳ್ಳುತ್ತವೆ. ಅದೆಲ್ಲ ನಿಜವೇ. ಆದರೆ ಅದೇ ಬಾಗಿಲಿಗೆ ಹಿಂದೊಮ್ಮೆ ಚಿಲಕ ಹಾಕಿದವರಲ್ಲಿ ಅವರೂ ಒಬ್ಬರೆಂಬುದನ್ನು ಯಾರೂ ಬರೆದಂತಿಲ್ಲ. ಅಭಿನಂದನ ಗ್ರಂಥದಲ್ಲಿ ಅಂಥದ್ದನ್ನು ಬರೆಯುವ ವಾಡಿಕೆಯೂ ಇಲ್ಲ.

ಈ ಗ್ರಂಥದ ಸಮಿತಿಯವರು ಒಪ್ಪಿಗೆ ಕೇಳಲು ಹೋದಾಗ ಅಯ್ಯನವರು ಒಂದೇ ಒಂದು ಷರತ್ತು ಹಾಕಿದರಂತೆ. "ಆರ್ಗನ್ ಮೇಷ್ಟ್ರ ವಿಷಯ ಬರಬೇಕು. ಅದನ್ನ ಟೀಚರಮ್ಮನೇ ಬರೀಬೇಕು. ಇಲ್ಲಾಂದ್ರೆ ಪುಸ್ತಕಾನೂ ಬೇಡ, ಸಮಾರಂಭಾನೂ ಬೇಡ." ಆರ್ಗನ್ ಮೇಷ್ಟ್ರು ಎಂದರೆ ಹದಿನೈದು ವರ್ಷಗಳ ಹಿಂದೆ ತೀರಿಕೊಂಡ ನಮ್ಮ ದೇವಾಲಯದ ಆರ್ಗನ್ ವಾದಕರು. ಟೀಚರಮ್ಮ ಎಂದರೆ ಅವರ ಹೆಂಡತಿ, ಇಪ್ಪತ್ತೆಂಟು ವರ್ಷ ಮಕ್ಕಳ ಕಾಗುಣಿತ ತಿದ್ದಿದವಳು, ಈ ಲೇಖನವನ್ನು ಬರೆಯುತ್ತಿರುವವಳು. 'ನಾನು' ಎಂದು ಶುರು ಮಾಡಿ ಮೂರು ಹಾಳೆ ಹರಿದು ಹಾಕಿದ ಮೇಲೆ, ಎಲ್ಲರೂ ಕರೆಯುವ ಹೆಸರಿನಿಂದಲೇ ತನ್ನನ್ನೂ ಕರೆದುಕೊಳ್ಳಲು ಅವಳು ತೀರ್ಮಾನಿಸಿದ್ದಾಳೆ. ಓದುಗರು ಮನ್ನಿಸಬೇಕು.

ಅಯ್ಯನವರು ಮೊದಲು ಪಾದ್ರಿಯಾಗಿ ಹೋದ ಸಭೆ ಒಂದು ನೂಲಿನ ಗಿರಣಿಯ ಹಿಂಬದಿಯಲ್ಲಿತ್ತು. ರಾತ್ರಿ ಪಾಳಿ ಮುಗಿಸಿ ಬಂದವರು ಭಾನುವಾರ ಬೆಳಿಗ್ಗೆಯ ಆರಾಧನೆಯಲ್ಲಿ ತೂಕಡಿಸುವುದನ್ನು ಕಂಡು, ಹಿರಿಯರ ವಿರೋಧವನ್ನು ಲೆಕ್ಕಿಸದೆ ಆರಾಧನೆಯನ್ನು ಮಧ್ಯಾಹ್ನ ನಾಲ್ಕಕ್ಕೆ ಬದಲಾಯಿಸಿದ ಯುವಕ ಪಾದ್ರಿ ಅವರು. ಎರಡನೆಯ ಸಭೆಯ ಪಕ್ಕದಲ್ಲಿ ಸೆರೆಮನೆಯಿತ್ತು. ಅಲ್ಲಿ ಓದುಬರಹ ಬಾರದ ಕೈದಿಗಳಿಗೆ ಏಳು ವರ್ಷ ಮನೆಗೆ ಕಾಗದ ಬರೆದುಕೊಟ್ಟರು, ಬಂದ ಉತ್ತರಗಳನ್ನು ಓದಿ ಹೇಳಿದರು. ಕೆಟ್ಟ ಸುದ್ದಿಯ ಕಾಗದವಿದ್ದರೆ ಎರಡು ಸಲ ಓದುತ್ತಿದ್ದರಂತೆ, ಮೊದಲ ಸಲ ಯಾರಿಗೂ ಪೂರ್ತಿ ಕೇಳಿಸುವುದಿಲ್ಲವೆಂದು. ಇಂಥವರು ಹದಿನೇಳು ವರ್ಷಗಳ ಹಿಂದೆ ನಮ್ಮ ಸಭೆಗೆ ಬಂದಾಗ ಗಾಯನ ವೃಂದದವರು ಅವರಿಗೆ 'ಗಡಿಯಾರದಯ್ಯ' ಎಂದು ಹೆಸರಿಟ್ಟರು. ಅವರ ಬೋಧನೆ ಇಪ್ಪತ್ತು ನಿಮಿಷವೆಂದರೆ ಇಪ್ಪತ್ತೇ ನಿಮಿಷ. ಹಿಂದಿನ ಅಯ್ಯನವರ ಕೈಯಲ್ಲಿ ಮುಕ್ಕಾಲು ಗಂಟೆ ಬೆಂದಿದ್ದ ನಮಗೆ ಅದೇ ದೊಡ್ಡ ಕೃಪೆಯಾಗಿತ್ತು.

ಆರ್ಗನ್ ಮೇಷ್ಟ್ರು ವಾರದ ದಿನಗಳಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದರು. ಸುಳ್ಳು ಹೇಳಲು ಬಾರದ ಮನುಷ್ಯ. ಗಿರಾಕಿಗೆ ಚೌಕಟ್ಟು ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದೇ ಹೇಳಿ ಮಾಲೀಕರಿಂದ ಬೈಸಿಕೊಳ್ಳುತ್ತಿದ್ದರು. ಅಯ್ಯನವರು ಬಂದ ಎರಡನೆಯ ವರ್ಷ ಮೇಷ್ಟ್ರ ಕೈ ನಿಂತಿತು. ಸಣ್ಣ ತಿರುಪನ್ನು ಬೆರಳಲ್ಲಿ ಹಿಡಿದು ಅಂಗಡಿ ಮುಚ್ಚುವವರೆಗೂ ಹಾಗೇ ಕೂತಿರುತ್ತಿದ್ದರು. ಊಟ ರುಚಿಸುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. "ಏನಾಗಿದೆ?" ಎಂದರೆ, "ಏನೂ ಆಗಿಲ್ಲ. ಏನೂ ಆಗ್ತಾನೇ ಇಲ್ಲ, ಅದೇ ಕಷ್ಟ" ಎನ್ನುತ್ತಿದ್ದರು. ಟೀಚರಮ್ಮ ಅವರನ್ನು ದೊಡ್ಡಾಸ್ಪತ್ರೆಯ ಮನೋವೈದ್ಯೆಯ ಬಳಿ ಕರೆದೊಯ್ದಳು. ಅವರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, ಗುಣ ಕಾಣಲು ವಾರಗಳು ಹಿಡಿಯುತ್ತವೆ, ನಡುವೆ ಬಿಡಬೇಡಿ ಎಂದರು. ಸಭೆಯವರು ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದರು. ಆರೇಳು ವಾರ ಕಳೆಯುವಷ್ಟರಲ್ಲಿ ಮೇಷ್ಟ್ರು ಮತ್ತೆ ಆರ್ಗನ್ ಮುಂದೆ ಕೂತರು.

ನಮ್ಮಲ್ಲಿ ಪ್ರತಿ ತಿಂಗಳ ಕೊನೆಯ ಭಾನುವಾರ ಸಾಕ್ಷಿಯ ಭಾನುವಾರ. ದೇವರಿಂದ ಉಪಕಾರ ಪಡೆದವರು ಮುಂದೆ ಬಂದು ನಿಂತು ಹೇಳುತ್ತಾರೆ; ಅಯ್ಯನವರು ಅದನ್ನು ಸಾಕ್ಷಿಯ ಪುಸ್ತಕದಲ್ಲಿ ಬರೆದಿಡುತ್ತಾರೆ. ಮೇಷ್ಟ್ರು ಸಾಕ್ಷಿ ಹೇಳಬೇಕೆಂದು ಅಯ್ಯನವರು ಮನೆಗೇ ಬಂದು ಕೇಳಿದರು. "ಹೇಳ್ತೀನಿ ಅಯ್ಯನೋರೇ, ಆದ್ರೆ ಮಾತ್ರೆ ತಗೊಳ್ತಿರೋದನ್ನೂ ಹೇಳ್ಬೇಕಾಗುತ್ತೆ" ಎಂದರು ಮೇಷ್ಟ್ರು. ಅಯ್ಯನವರು ನಕ್ಕು ಅವರ ಭುಜ ತಟ್ಟಿದರು. "ಅದೊಂದು ಬೇಡ ಬಿಡಿ. ಕೇಳೋರ ನಂಬಿಕೆ ಸಡಿಲ ಆಗುತ್ತೆ. ಮಹಿಮೆ ಪೂರ್ತಿ ದೇವರಿಗೇ ಹೋಗ್ಲಿ." ಮೇಷ್ಟ್ರು ಎರಡು ಸಲ ಬೇಡವೆಂದರು, ಮೂರನೆಯ ಸಲ ಸುಮ್ಮನಾದರು. ಟೀಚರಮ್ಮ ಅಲ್ಲೇ ಲೋಟ ಹಿಡಿದು ನಿಂತಿದ್ದಳು, ಅವಳೂ ತುಟಿಪಿಟಕ್ಕೆನ್ನಲಿಲ್ಲ. ಅದನ್ನು ಇಲ್ಲಿ ಬರೆಯದೆ ಅಯ್ಯನವರೊಬ್ಬರನ್ನೇ ದೂರಿದರೆ ಅದೂ ಅರ್ಧ ಸಾಕ್ಷಿಯೇ ಆದೀತು.

ಆ ಭಾನುವಾರ ಮೇಷ್ಟ್ರು ಮುಂದೆ ನಿಂತು, ಸಭೆಯ ಪ್ರಾರ್ಥನೆಯಿಂದ ತಮಗೆ ಪೂರ್ತಿ ಗುಣವಾಗಿದೆ ಎಂದು ಹೇಳಿದರು. ಜನ ಅತ್ತರು, ಅಪ್ಪಿಕೊಂಡರು. ಆಮೇಲೆ ಆ ಪ್ರಾಮಾಣಿಕ ಮನುಷ್ಯ ಮಾಡಿದ್ದಿಷ್ಟು: ದೇವರ ಸನ್ನಿಧಿಯಲ್ಲಿ ತಾನು ಹೇಳಿದ ಮಾತು ಸುಳ್ಳಾಗಬಾರದೆಂದು ಮಾತ್ರೆ ನಿಲ್ಲಿಸಿಬಿಟ್ಟರು. ಹೆಂಡತಿಗೆ ಗೊತ್ತಾಗದಿರಲೆಂದು ದಿನಾ ಬೆಳಿಗ್ಗೆ ಒಂದು ಮಾತ್ರೆಯನ್ನು ಪಟ್ಟಿಯಿಂದ ತೆಗೆದು ಹಳೆಯ ಕನ್ನಡಕದ ಡಬ್ಬಿಯಲ್ಲಿ ಹಾಕುತ್ತಿದ್ದರು. ಹನ್ನೊಂದು ವಾರಗಳ ನಂತರ ಅವರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಇದಕ್ಕಿಂತ ಮೆತ್ತನೆಯ ಮಾತುಗಳು ಟೀಚರಮ್ಮನಿಗೆ ಗೊತ್ತಿವೆ; ಅವುಗಳಿಂದ ಯಾರಿಗೂ ಒಳ್ಳೆಯದಾಗಿಲ್ಲ.

ಅಂಥವರಿಗೆ ಸಾವಿನ ಗಂಟೆ ಬಾರಿಸಬಾರದು, ಸಮಾಧಿಯ ಜಾಗವೂ ಮೂಲೆಯಲ್ಲಿರಲಿ ಎಂದು ಇಬ್ಬರು ಹಿರಿಯರು ತಗಾದೆ ತೆಗೆದರು. ಅಯ್ಯನವರು ಯಾರ ಮಾತನ್ನೂ ಕೇಳದೆ ತಾವೇ ಹಗ್ಗ ಎಳೆದು ಗಂಟೆ ಬಾರಿಸಿದರು, ಮೇಷ್ಟ್ರ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿಸಿದರು. ಎಂಟನೆಯ ದಿನ ಟೀಚರಮ್ಮ ಆ ಡಬ್ಬಿಯನ್ನು ತಂದು ಅವರ ಮೇಜಿನ ಮೇಲಿಟ್ಟಳು. "ಎಣಿಸಿ ನೋಡಿ ಅಯ್ಯನೋರೇ. ಎಪ್ಪತ್ತೇಳು ಇದಾವೆ. ಸಾಕ್ಷಿ ಹೇಳಿದ ದಿನದಿಂದ ಒಂದೂ ಬಾಯಿಗೆ ಹೋಗಿಲ್ಲ." ಅಯ್ಯನವರು ಎಣಿಸಲಿಲ್ಲ. ಅವಳಿಗೆ ಬೇಕಾಗಿದ್ದು ಒಂದೇ: ಗಂಡ ನಿಂತು ಹೇಳಿದ ಜಾಗದಲ್ಲೇ ನಿಂತು, ಆ ಸಾಕ್ಷಿಯ ಅರ್ಧವನ್ನು ತಾನೇ ಕತ್ತರಿಸಿದೆನೆಂದು ಅಯ್ಯನವರು ಸಭೆಗೆ ಹೇಳಬೇಕು. ಮೇಷ್ಟ್ರಿಗೆ ನಂಬಿಕೆ ಸಾಲದೆ ಹೀಗಾಯಿತೆಂದು ಬೆಂಚು ಬೆಂಚಿನಲ್ಲೂ ಪಿಸುಗುಡುತ್ತಿದ್ದರಲ್ಲ, ಅದು ನಿಲ್ಲಬೇಕು. ಅಯ್ಯನವರು "ಹೇಳ್ತೀನಿ" ಎಂದರು. ನಾಲ್ಕು ವರ್ಷ ಹೇಳಲಿಲ್ಲ.

ಆ ನಾಲ್ಕು ವರ್ಷವೂ ಅವರು ಪ್ರತಿ ಗುರುವಾರ ಟೀಚರಮ್ಮನ ಮನೆಗೆ ಬಂದು, ಹೊರಗಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂತು ಹೋಗುತ್ತಿದ್ದರು. ಅವಳು ಬಾಗಿಲು ತೆರೆದಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವರೂ ವಾಕ್ಯ ಓದಲಿಲ್ಲ, ದೇವರ ಚಿತ್ತ ಎನ್ನಲಿಲ್ಲ. ಅಯ್ಯನವರ ಸೇವೆಯ ಅತ್ಯುತ್ತಮ ಬೋಧನೆಗಳು ಯಾವುವೆಂದು ಯಾರಾದರೂ ಕೇಳಿದರೆ, ಬಾಯಿ ಬಿಡದೆ ಮಾಡಿದ ಆ ಇನ್ನೂರು ಬೋಧನೆಗಳೇ ಎಂದು ಟೀಚರಮ್ಮ ಹೇಳುತ್ತಾಳೆ. ಆದರೂ ಆಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹನ್ನೊಂದು ವರ್ಷಗಳ ಹಿಂದೆ ಗಡಿಯಾರದಯ್ಯನವರ ಬೋಧನೆ ಹದಿನೈದು ನಿಮಿಷಕ್ಕೆ ಇಳಿಯಿತು, ಆಮೇಲೆ ಎಂಟಕ್ಕೆ, ಆಮೇಲೆ ನಾಲ್ಕಕ್ಕೆ. ಒಂದು ಭಾನುವಾರ ಆಶೀರ್ವಾದದ ಮಾತು ನೆನಪಿಗೆ ಬಾರದೆ ಕೈ ಎತ್ತಿಕೊಂಡೇ ನಿಂತುಬಿಟ್ಟರು. ಒಂದೇ ಒಂದು ಕಾಲುಚೀಲ ಕೈಯಲ್ಲಿ ಹಿಡಿದು ಹನ್ನೊಂದು ಗಂಟೆಯವರೆಗೂ ಮಂಚದ ಅಂಚಿನಲ್ಲಿ ಕೂತಿರುತ್ತಾರೆಂದು ಅವರ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುವವರು, ಹೇಳಿ ಅತ್ತರು. ಅಯ್ಯನವರಿಗೆ ಸುಸ್ತು ಎಂದರು ಹಿರಿಯರು. ಸಭೆ ಮತ್ತೆ ಉಪವಾಸ ಮಾಡಿತು. ಎರಡು ತಿಂಗಳಿಗೆ ಅವರು ಚೇತರಿಸಿಕೊಂಡರು, ಜನ ದೇವರನ್ನು ಕೊಂಡಾಡಿದರು.

ದೇವಾಲಯದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಸರದಿ ಆ ತಿಂಗಳು ಟೀಚರಮ್ಮನದು. ಅಯ್ಯನವರು ನಿಲುವಂಗಿ ತೊಡುವ ಕೋಣೆಯ ಕೆಳಗಿನ ಖಾನೆಯಲ್ಲಿ, ಮಡಿಸಿಟ್ಟ ಬಿಳಿ ವಸ್ತ್ರಗಳ ಅಡಿಯಲ್ಲಿ, ಮಾತ್ರೆಯ ಪಟ್ಟಿಯೊಂದು ಅವಳ ಕೈಗೆ ಸಿಕ್ಕಿತು. ಹೆಸರು ಓದುವ ಅಗತ್ಯವೇ ಇರಲಿಲ್ಲ. ಆ ಬಣ್ಣ ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಅಯ್ಯನವರು ಒಳಗೆ ಬಂದರು.

"ನಿಮಗಾದ್ರೆ ಮಾತ್ರೆ, ನಮ್ಮವರಿಗಾದ್ರೆ ಸಾಕ್ಷಿ. ಅಲ್ವಾ ಅಯ್ಯನೋರೇ?"

ಅಯ್ಯನವರು ಕುರ್ಚಿ ಹಿಡಿದುಕೊಂಡರು. "ಹೇಳಿದ್ರೆ ಸಭೆ ಒಡೆದುಹೋಗುತ್ತೆ ಟೀಚರಮ್ಮ. ಪಾದ್ರಿಗೇ ಹೀಗಾದ್ರೆ ಯಾರು ನಂಬ್ತಾರೆ?"

"ನಂಬಿದವರು ಒಬ್ಬರಿದ್ರು. ಮಣ್ಣಲ್ಲಿದಾರೆ."

ಅವರು ಅದೇ ಕುರ್ಚಿಯಲ್ಲಿ ಕೂತರು. ಕೊನೆಗೆ, "ನಂಗೆ ಭಯ ಆಗುತ್ತೆ ತಾಯಿ" ಎಂದರು. ನಾಲ್ಕು ವರ್ಷಗಳಲ್ಲಿ ಅವರು ಅವಳಿಗೆ ಹೇಳಿದ ಮೊದಲ ಪೂರ್ತಿ ಸತ್ಯ ಅದು. ಅವಳು ಪಟ್ಟಿಯನ್ನು ಅವರ ಅಂಗೈಯಲ್ಲಿಟ್ಟು, "ಮೊದಲು ಇವತ್ತಿಂದು ತಗೊಳ್ಳಿ" ಎಂದಳು.

ಆ ತಿಂಗಳ ಕೊನೆಯ ಭಾನುವಾರ ಅಯ್ಯನವರು ನಿಲುವಂಗಿ ತೊಡದೆ, ಪೀಠವನ್ನೂ ಹತ್ತದೆ, ಸಾಕ್ಷಿ ಹೇಳುವವರು ನಿಲ್ಲುವ ಜಾಗದಲ್ಲಿ ಬಂದು ನಿಂತರು. ಸಾಕ್ಷಿಯ ಪುಸ್ತಕ ತೆರೆದು ಆರ್ಗನ್ ಮೇಷ್ಟ್ರ ಮಾತನ್ನು ಓದಿದರು. "ಇದರ ಇನ್ನರ್ಧ ನಾನು ಹೇಳಬೇಡಿ ಅಂದಿದ್ದೆ. ಅವರು ಮಾತ್ರೆ ತಗೊಂಡು ಚೇತರಿಸಿಕೊಂಡಿದ್ರು. ಸುಳ್ಳುಗಾರ ಆಗಬಾರದು ಅಂತ ಅದನ್ನ ಬಿಟ್ಟರು. ಅವರಿಗೆ ನಂಬಿಕೆ ಕಮ್ಮಿ ಇರಲಿಲ್ಲ. ನನಗೆ ಬುದ್ಧಿ ಕಮ್ಮಿ ಇತ್ತು. ಈಗ ಅದೇ ಕಾಯಿಲೆ ನನಗಿದೆ, ಅದೇ ಮಾತ್ರೆ ನಾನು ತಗೊಳ್ತಿದ್ದೀನಿ." ಎಲ್ಲರ ಎದುರಿಗೇ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಯಾರೂ ಅಪ್ಪಿಕೊಳ್ಳಲಿಲ್ಲ. ಮೂರು ಕುಟುಂಬಗಳು ಎದ್ದು ಹೋದವು, ಮತ್ತೆ ಬರಲಿಲ್ಲ. ಹಿರಿಯರೊಬ್ಬರು ರಾಜೀನಾಮೆ ಕೇಳಿದರು. ಕೊನೆಯ ಬೆಂಚಿನಿಂದ ಬೇಕರಿಯ ಹೆಂಗಸೊಬ್ಬಳು ಮಾತ್ರ ಎದ್ದು, "ನಾನೂ ತಗೊಳ್ತೀನಿ, ಒಂಬತ್ತು ವರ್ಷ ಆಯ್ತು" ಎಂದು ಹೇಳಿ ಕೂತಳು. ಟೀಚರಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ನಾಲ್ಕು ವರ್ಷದ ಅಳುವನ್ನೆಲ್ಲ ಅತ್ತು ಮುಗಿಸಲು ನೋಡಿದಳು. ಮುಗಿಯಲಿಲ್ಲ.

ಈಗ ಎಲ್ಲರೂ ಹೊಗಳುವ ಸೇವೆ ಶುರುವಾದದ್ದು ಅಲ್ಲಿಂದ. ಅಯ್ಯನವರು ಆ ಮನೋವೈದ್ಯೆಯ ಬಳಿಯೇ ವಾರಕ್ಕೆರಡು ದಿನ ಹೋಗಿ ವಿದ್ಯಾರ್ಥಿಯಂತೆ ಕೂತು ಕಲಿತರು. ಮನಸ್ಸು ಕುಸಿದವರು ಬಂದರೆ ಅವರು ಮೊದಲು ಕೇಳುವುದು ಊಟ ಆಯ್ತಾ, ನಿದ್ದೆ ಬಂತಾ, ಮಾತ್ರೆ ತಗೊಂಡ್ರಾ ಎಂದು. ಪ್ರಾರ್ಥನೆ ಮಾಡಲೇ ಎಂಬುದು ಆಮೇಲೆ, ಅದೂ ಅವರು ಒಪ್ಪಿದರೆ. ಸಾವನ್ನು ಬೇಡಿ ಗಿಡದ ನೆರಳಿನಲ್ಲಿ ಮಲಗಿದ ಪ್ರವಾದಿಗೆ ದೇವರು ಬುದ್ಧಿ ಹೇಳಲಿಲ್ಲ, ರೊಟ್ಟಿ ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ ಎಂದು ಯುವ ಪಾದ್ರಿಗಳಿಗೆ ನೆನಪಿಸುತ್ತಾರೆ. ಯಾಕೆ ನನ್ನ ಕೈಬಿಟ್ಟೆ ಎಂದು ಶಿಲುಬೆಯ ಮೇಲೆ ಕೂಗಿದವನನ್ನೇ ಆರಾಧಿಸುವ ನಾವು, ಅದೇ ಮಾತನ್ನು ಪಕ್ಕದ ಬೆಂಚಿನವನು ಹೇಳಿದರೆ ಯಾಕೆ ಬೆಚ್ಚಿಬೀಳುತ್ತೇವೆ ಎಂದು ಕೇಳುತ್ತಾರೆ. ಅವರ ಬಳಿ ಬಂದವರೆಲ್ಲ ಉಳಿದರೆಂದು ಬರೆದರೆ ಸುಳ್ಳಾಗುತ್ತದೆ. ಇಬ್ಬರು ಉಳಿಯಲಿಲ್ಲ. ಅವರಿಗೂ ಅಯ್ಯನವರೇ ಗಂಟೆ ಬಾರಿಸಿದರು.

ಟೀಚರಮ್ಮ ಅವರನ್ನು ಕ್ಷಮಿಸಿದ್ದಾಳೆಂಬ ಒಂದು ಸಾಲು ಇದ್ದರೆ ಚೆನ್ನಾಗಿರುತ್ತದೆ ಎಂದು ಸಂಪಾದಕರು ಸೂಚಿಸಿದರು. ಕೆಲವು ದಿನ ಕ್ಷಮಿಸಿರುತ್ತಾಳೆ. ಭಾನುವಾರ ಆರ್ಗನ್ ಮುಂದೆ ಬೇರೊಬ್ಬರು ಕೂತದ್ದನ್ನು ಕಂಡ ಕೂಡಲೇ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ನಿವೃತ್ತಿ ಹತ್ತಿರವಾದಂತೆ ಕಾಯಿಲೆ ಮರುಕಳಿಸಿದೆ. ಹೋದ ತಿಂಗಳು ಅಯ್ಯನವರು ಅವಳಿಗೆ ಹೇಳಿದರು: "ಬೆಳಿಗ್ಗೆ ಕಣ್ಣು ಬಿಟ್ರೆ, ಸಾಕು ಸ್ವಾಮಿ, ಕರ್ಕೊಂಡುಬಿಡು ಅಂತಾನೇ ಬಾಯಿಗೆ ಬರುತ್ತೆ ಟೀಚರಮ್ಮ. ಬೇರೆ ಪ್ರಾರ್ಥನೆ ಬರಲ್ಲ." ಇಂಥ ಮಾತನ್ನು ಗುಟ್ಟಾಗಿಡಬಾರದೆಂದು ನಮಗೆ ಕಲಿಸಿದವರು ಅವರೇ; ಹಾಗಾಗಿ ಅವಳು ಆ ಗಳಿಗೆಯಲ್ಲೇ ಅಮ್ಮನವರಿಗೂ ವೈದ್ಯೆಗೂ ತಿಳಿಸಿದಳು. ವೈದ್ಯೆ ಮಾತ್ರೆಯ ಪ್ರಮಾಣ ಬದಲಿಸಿದ್ದಾರೆ, ಮನೆಯವರು ಅವರನ್ನು ಒಂಟಿಯಾಗಿ ಬಿಡುತ್ತಿಲ್ಲ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ ಅಯ್ಯನವರು, "ಬರೀರಿ. ಇನ್ನೊಂದು ಸಲ ಅರ್ಧ ಬೇಡ" ಎಂದರು.

ಇಂಥ ಲೇಖನಗಳ ಕೊನೆಯಲ್ಲಿ ದೀರ್ಘಾಯುಷ್ಯ ಕೋರುತ್ತಾರೆ. ಈ ಸಂಪುಟದಲ್ಲಿ ಎಲ್ಲರೂ ಕೋರಿದ್ದಾರೆ, ಅವರ ಕೆಲಸ ಮುಂದುವರಿಯಲಿ ಎಂದೂ ಹಾರೈಸಿದ್ದಾರೆ. ಮುಂದುವರಿಯಬೇಕು, ಅವರನ್ನು ಕಾಯುತ್ತಾ ಕೋಣೆಯ ಹೊರಗೆ ಇಂದಿಗೂ ಜನ ಕೂತಿರುತ್ತಾರೆ. ಗಂಡನಿಗಾಗಿ ಏನೆಂದು ಪ್ರಾರ್ಥಿಸಬೇಕಿತ್ತೆಂಬುದು ಆಗ ಟೀಚರಮ್ಮನಿಗೆ ತಿಳಿದಿರಲಿಲ್ಲ. ಈಗ ತಿಳಿದಿದೆ. ನಮ್ಮ ಅಯ್ಯನವರು ಬೆಳಿಗ್ಗೆ ಎದ್ದು ಮಾಡುವ ಆ ಒಂದು ಪ್ರಾರ್ಥನೆಯನ್ನು ದೇವರು ಕೇಳದೇ ಇರಲಿ ಎಂದು ಅವಳು ಅವರಿಗಿಂತ ಮೊದಲೇ ಎದ್ದು ಬೇಡಿಕೊಳ್ಳುತ್ತಾಳೆ.