ಕೆರೆಯ ಫೋಟೋ ತೆಗೆದವಳು

ಅಕ್ಕನ ಬಲಗೈ ಹೆಬ್ಬೆರಳ ತುದಿಯಲ್ಲಿ ಸದಾ ಒಂದು ಸುಟ್ಟ ಬೊಬ್ಬೆ ಇರುತ್ತಿತ್ತು. ಒಲೆ ತಾಕಿ ಎದ್ದದ್ದಲ್ಲ. ಆಗಿನ ಫ್ಲ್ಯಾಷ್ ಬಲ್ಬು ಒಂದೇ ಸಲ ಬೆಳಗಿ ಸುಟ್ಟುಹೋಗುತ್ತಿತ್ತು. ಅದು ಆರುವವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಬಿಸಿ ಬಲ್ಬನ್ನೇ ಕಿತ್ತು, ಬೆರಳನ್ನು ಬಾಯಿಗಿಟ್ಟುಕೊಂಡು, ಇನ್ನೊಂದನ್ನು ಸಿಕ್ಕಿಸುತ್ತಿದ್ದಳು.

ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಅರವತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಬಳ್ಳಾಪುರದ ಆ ಮಗ್ಗದ ಮನೆಗೆ ಸೊಸೆಯಾಗಿ ಬಂದಾಗ ಕ್ಯಾಮೆರಾ ಆಗಲೇ ಅವಳ ಕೈಯಲ್ಲಿತ್ತು. ಸೀರೆಗಳ ಫೋಟೋ ತೆಗೆದು ವ್ಯಾಪಾರಿಗಳಿಗೆ ತೋರಿಸುತ್ತೇನೆಂದು ಭಾವನವರು ತಂದದ್ದು. ನಾಲ್ಕು ದಿನದ ಷೋಕಿ ತೀರಿ ಅದು ಅಟ್ಟ ಸೇರಿತ್ತು. ಅಲ್ಲಿಂದ ಇಳಿಸಿದವಳು ಅಕ್ಕ.

ಅವಳ ತವರು ರಾಜಘಟ್ಟ. ಅಲ್ಲಿಗೆ ಹೋದಾಗಲೆಲ್ಲ ಸೂರ್ಯ ಹುಟ್ಟುವ ಮೊದಲೇ ಕೆರೆ ಏರಿಯ ಮೇಲೆ ನಿಂತಿರುತ್ತಿದ್ದಳು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ನಂದಿ ಬೆಟ್ಟದ ಹಿಂದೆ ಆಕಾಶ ಬೆಳಗುತ್ತಿತ್ತು, ಏರಿಯ ಕಲ್ಲು, ಜೊಂಡು ಎಲ್ಲ ಇನ್ನೂ ಕಪ್ಪು. ಆಕಾಶ ಸರಿಯಾಗಿ ಬಂದರೆ ಕೆಳಗೆಲ್ಲ ಮಸಿ, ಕಲ್ಲು ಸರಿಯಾಗಿ ಬಂದರೆ ಆಕಾಶ ಬಿಳಿಚಿಕೊಳ್ಳುವ ಹೊತ್ತು ಅದು. ಕಲ್ಲಿನ ಮೇಲೆ ಬೆಳಕು ರಾಚದಿರಲೆಂದು ಅಕ್ಕ ಭಾವನವರ ಹಳೇ ಪಂಚೆಯ ತುಂಡನ್ನು ಮಡಿಸಿ ಫ್ಲ್ಯಾಷಿನ ಮುಂದೆ ಕಟ್ಟಿದಳು.

"ಬೆಟ್ಟ ಅಷ್ಟು ದೂರ ಇದೆ. ಈ ಬಲ್ಬು ಅಲ್ಲೀಗಂಟ ಮುಟ್ಟುತ್ತಾ ಅಕ್ಕ?" ಎಂದು ಕೇಳಿದೆ.

"ಬೆಟ್ಟದ ಕಡೆಗೆ ಸೂರ್ಯ ಇದಾನೆ ಕಣೇ. ಈ ಕಲ್ಲಿಗೆ ಯಾರಿದಾರೆ? ಇದಕ್ಕೆ ನಾವೇ ಬೆಳಕು ಕೊಡ್ಬೇಕು" ಎಂದಳು.

ಆಕಾಶ, ಕಲ್ಲು ಎರಡೂ ಸರಿಯಾಗಿ ಬಂದಿದ್ದ ಅಂದಿನ ಫೋಟೋವನ್ನು ಊರಿನ ವಸ್ತುಪ್ರದರ್ಶನಕ್ಕೆ ಕೊಡಲು ಭಾವನವರ ಕೈಯಲ್ಲಿ ಕಳಿಸಿದಳು. ಬಹುಮಾನ ಬಂತು. ಕೆಳಗಿದ್ದ ಹೆಸರು ಭಾವನವರದು! ನಮ್ಮಲ್ಲಿ ಸೀರೆ ಯಾರು ನೇಯ್ದರೂ ಪೇಟೆಗೆ ಹೋಗುವುದು ಯಜಮಾನರ ಹೆಸರಲ್ಲಿ; ಫೋಟೋವನ್ನೂ ಹಾಗೇ ಕೊಟ್ಟು ಬಂದಿದ್ದರು. ಹೋಗಲಿ, ಪದ್ಧತಿ ಎನ್ನೋಣ. ವೇದಿಕೆ ಹತ್ತಿ ಹಾರಕ್ಕೆ ಕತ್ತು ಕೊಟ್ಟದ್ದೂ ಪದ್ಧತಿಯೇ? ಹೇಗೆ ತೆಗೆದಿರಿ ಎಂದು ಯಾರೋ ಕೇಳಿದರೆ, "ಬೆಟ್ಟಕ್ಕೆ ಫ್ಲ್ಯಾಷ್ ಬಿಟ್ಟೆ ಸಾರ್" ಎಂದುಬಿಟ್ಟರು. ಬೆಟ್ಟಕ್ಕಂತೆ! ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ಅಕ್ಕ ಕೂತಿದ್ದಳು, ಪಕ್ಕದಲ್ಲಿ ನಾನು.

ಮನೆಗೆ ಬಂದದ್ದೇ, "ಆ ಹೆಸ್ರು ತಿದ್ಸಿ ಅಂದ್ರೆ ತಿದ್ಸಿ" ಎಂದಳು ಅಕ್ಕ.

ಭಾವನವರು ನಕ್ಕರು. "ನಾನು ಬೇರೆ, ನೀನು ಬೇರೇನಾ? ಹೆಂಗಸ್ರ ಹೆಸ್ರು ಊರ್ತುಂಬ ಯಾಕೆ? ಮುಂದಿನ ವರ್ಷಕ್ಕೂ ಒಂದು ತೆಗ್ದಿಡು."

"ಹೆಸ್ರು ಬೇಡ ಅಂದ್ಮೇಲೆ ಕೈಯೂ ಬೇಡ. ನೀವೇ ತೆಗೀರಿ" ಎಂದು ಅಕ್ಕ ಕ್ಯಾಮೆರಾವನ್ನು ಅವರ ಮುಂದಿಟ್ಟಳು.

ತೆಗೆದರು, ಸ್ನೇಹಿತರನ್ನು ಕಟ್ಟಿಕೊಂಡು ಹೋಗಿ, ನಸುಕಿನಲ್ಲಿ ನಿಜವಾಗಿಯೂ ಬೆಟ್ಟಕ್ಕೇ ಫ್ಲ್ಯಾಷ್ ಗುರಿಯಿಟ್ಟು! ತೊಳೆಸಿ ತಂದರೆ ಬೆಟ್ಟವೂ ಇಲ್ಲ, ಕೆರೆಯೂ ಇಲ್ಲ. ಅಡ್ಡ ಬಂದ ಎಮ್ಮೆಯೊಂದು ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕ್ಯಾಮೆರಾ ಕೆಟ್ಟಿದೆ ಎಂದು ಊರಿಗೆಲ್ಲ ಹೇಳಿ ಅದನ್ನು ಮಾರಿಬಿಟ್ಟರು, ಅಕ್ಕನನ್ನು ಒಂದು ಮಾತೂ ಕೇಳದೆ. ಬಹುಮಾನದ ಫೋಟೋ ಮಾತ್ರ ಅವರ ಹೆಸರಿನ ಪಟ್ಟಿ ಹೊತ್ತು ನಡುಮನೆಯ ಗೋಡೆಯಲ್ಲಿ ಮೆರೆಯುತ್ತಿತ್ತು. ಅಕ್ಕ ಇನ್ನೆಂದೂ ಫೋಟೋ ತೆಗೆಯಲಿಲ್ಲ. ತವರಿಗೆ ಹೋದರೂ ಕೆರೆ ಏರಿಯ ಕಡೆ ತಲೆ ಹಾಕಲಿಲ್ಲ. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಭಾವನವರು ಮೊದಲು ಹೋದರು. ಬಹಳ ವರ್ಷಗಳ ಮೇಲೆ ಅಕ್ಕನೂ ಹೋದಳು. ಅವಳ ವೈಕುಂಠ ಸಮಾರಾಧನೆಯ ದಿನ ನಾನು ಸ್ಟೂಲು ಹತ್ತಿ ಆ ಫೋಟೋ ಇಳಿಸಿ, ಕೆಳಗಿದ್ದ ಪಟ್ಟಿಯನ್ನು ಕಿತ್ತೆಸೆದೆ. ಭಾವನವರು ಎದುರಿಗಿದ್ದಿದ್ದರೂ ಕೀಳುತ್ತಿದ್ದೆ. ಸಮಾರಾಧನೆಯ ಕಾರ್ಡಿನಲ್ಲೂ ಅವಳು ಬರೀ ಭಾವನವರ ಧರ್ಮಪತ್ನಿ. ಬಿಳಿ ಕಾಗದದ ಮೇಲೆ ಅಕ್ಕನ ಹೆಸರನ್ನು ದಪ್ಪಗೆ ಬರೆದು, ಅಂಟಿಸಿ, ಮತ್ತೆ ನೇತುಹಾಕಿದೆ. ಊಟಕ್ಕೆ ಕರೆಯಲು ಬಂದ ಅವಳ ಮೊಮ್ಮಗ, ಕಾಲೇಜು ಓದುವ ಹುಡುಗ, ಅದನ್ನು ಓದಿ ನನ್ನ ಮುಖ ನೋಡಿದ.

"ಚಿಕ್ಕಜ್ಜಿ, ಈ ಹೆಸ್ರು ಯಾರ್ದು?"