ಟಿವಿಯ ಕೊಲೆಗಾರನ ಬಗ್ಗೆ ರುದ್ರಮ್ಮ ಆಡಿದ ಮಾತು

ರುದ್ರಮ್ಮನಿಗೆ ಆ ಧಾರಾವಾಹಿ ಹಿಡಿಸಿರಲಿಲ್ಲ. ಆದರೂ ಭಾನುವಾರ ಸಂಜೆ ಆಗುತ್ತಲೇ ಕೈಕಾಲು ತೊಳೆದುಕೊಂಡು ಕರಿಬಸವಯ್ಯನ ನಡುಮನೆಗೆ ಹೋಗಿ ಗೋಡೆಗೊರಗಿ ಕೂರುತ್ತಿದ್ದಳು. ವಾರವೆಲ್ಲ ಕೊಬ್ಬರಿ ಒಡೆಯುವ ಕೂಲಿ, ಬೆರಳ ತುಂಬ ಚಿಪ್ಪಿನ ಗೀರು. ಮನೆಯಲ್ಲಿ ಒಬ್ಬಳೇ ಕೂತರೆ ಮಂಡಿನೋವಿನದೇ ಮಾತು. ಅಲ್ಲಾದರೆ ನಾಲ್ಕು ಹೆಂಗಸರ ಮಾತು ಕಿವಿಗೆ ಬೀಳುತ್ತಿತ್ತು.

ಅದು ತೊಂಬತ್ತೇಳನೇ ಇಸವಿ. ಜಾವಗಲ್ಲಿನ ಆ ಬೀದಿಗೆ ಬಣ್ಣದ ಟಿವಿ ಅದೊಂದೇ. ಧಾರಾವಾಹಿ ಹಿಂದಿಯದು. ಕರಿಬಸವಯ್ಯನ ಸೊಸೆ, ಇಂದು ಎಂಬುವಳು, ಬೇಲೂರಿನಲ್ಲಿ ಹಿಂದಿ ಪರೀಕ್ಷೆ ಕಟ್ಟಿ ಪಾಸಾದವಳು. ಅವಳು ಕನ್ನಡ ಮಾಡಿ ಹೇಳಬೇಕು, ಉಳಿದವರು ಬಾಯಿ ಬಿಟ್ಟುಕೊಂಡು ಕೇಳಬೇಕು. ಕಥೆ ಒಬ್ಬ ಗೂಢಚಾರನದು. ಗುಟ್ಟಿನ ಆಫೀಸಿನವರು ಅವನಿಗೊಂದು ಫೋಟೋ ಕೊಡುತ್ತಾರೆ, ಫೋಟೋದಲ್ಲಿರುವ ಮನುಷ್ಯನನ್ನು ಇವನು ಕೊಂದು ಬರಬೇಕು. ವಾರಕ್ಕೊಂದು ಹೆಸರು, ವಾರಕ್ಕೊಂದು ಮೀಸೆ, ವಾರಕ್ಕೊಂದು ಹೆಣ. ಯಾವಾಗಲೂ ಉದ್ದನೆಯ ಕರಿ ಕೋಟು ತೊಡುತ್ತಿದ್ದುದರಿಂದ ಹೆಂಗಸರು ಅವನಿಗೆ ಕೋಟಪ್ಪ ಎಂದೇ ಹೆಸರಿಟ್ಟಿದ್ದರು.

ಆ ಭಾನುವಾರ ಕೋಟಪ್ಪ ಮಹಡಿಯ ಕಿಟಕಿಯಲ್ಲಿ ನಿಂತು, ಕೊಳವೆಯಂಥ ಬಂದೂಕಿನಲ್ಲಿ ಗುರಿಯಿಟ್ಟು, ದೂರದ ಹೋಟೆಲಿನಲ್ಲಿ ಉಣ್ಣುತ್ತಿದ್ದವನೊಬ್ಬನನ್ನು ಕೆಡವಿದ. ಬಂದೂಕು ಬಿಚ್ಚಿ ಪೆಟ್ಟಿಗೆಗೆ ಹಾಕಿದ. ತಲೆ ಬಾಚಿದ. ಆಮೇಲೆ ಕೆಳಗಿಳಿದು ಬಂದು, ಅದೇ ಹೋಟೆಲಿನಲ್ಲಿ ಕೂತು ಕೋಳಿ ತರಿಸಿಕೊಂಡು ತಿಂದ.

“ಅಬ್ಬಬ್ಬಾ, ಎದೆ ಅಂದ್ರೆ ಅದು ಕಣ್ರೇ,” ಎಂದಳು ಬೋರಮ್ಮ, ಪಕ್ಕದ ಮನೆಯವಳು. “ನಮ್ಮನೇಲೂ ಒಬ್ರು ಅವ್ರೆ, ಇಲಿ ಹೊಡೆಯಕ್ಕೂ ನನ್ನೇ ಕರೀತಾರೆ.”

ಎಲ್ಲರೂ ನಕ್ಕರು. ರುದ್ರಮ್ಮ ನಗಲಿಲ್ಲ.

“ಸುಳ್ಳು ಕಣವ್ವ,” ಎಂದಳು. “ಕೊಂದೋನು ಹಂಗೆ ತಿನ್ನಲ್ಲ.”

ಕುರ್ಚಿಯಲ್ಲಿ ಕೂತಿದ್ದ ಕರಿಬಸವಯ್ಯ ಎಲೆ ಮೆಲ್ಲುತ್ತಾ, “ನೀನ್ಯಾವ ಕೊಲೆ ಕಂಡಿದ್ದೀಯೇ ರುದ್ರಿ?” ಎಂದುಬಿಟ್ಟ. ಅಂದಮೇಲೆ ಅವನ ದವಡೆ ನಿಂತಿತು. ಬೋರಮ್ಮ ತಲೆ ತಗ್ಗಿಸಿದಳು.

“ಒಂದು ಕಂಡಿದೀನಲ್ಲಣ್ಣ,” ಎಂದಳು ರುದ್ರಮ್ಮ.

ಇಪ್ಪತ್ತು ವರ್ಷದ ಹಿಂದಿನ ಮಾತು. ಅವಳ ಗಂಡ ನಂಜುಂಡಯ್ಯನ ಹೊಲಕ್ಕೂ ಸಿದ್ದಬಸಪ್ಪನ ಹೊಲಕ್ಕೂ ನಡುವೆ ಬದುವಿನ ಮೇಲೊಂದು ತೆಂಗಿನ ಮರ ಇತ್ತು. ಬುಡ ಇವರದು, ತಲೆ ಅವರ ಹೊಲದ ಕಡೆ ವಾಲಿತ್ತು. ಬಿದ್ದ ಕಾಯಿ ಯಾರದು ಎಂದು ಇಬ್ಬರಿಗೂ ಜಗಳ. ಒಂದು ದಿನ ಕಾಯಿ ಸುಲಿಯುವ ಮಚ್ಚು ಕೈಯಲ್ಲೇ ಇತ್ತು, ಮಾತಿಗೆ ಮಾತು ಬೆಳೆಯಿತು, ಸಿದ್ದಬಸಪ್ಪ ಬೀಸಿದ. ಹನ್ನೆರಡು ವರ್ಷ ಜೈಲಿನಲ್ಲಿದ್ದು ಬಂದ. ಅಂದಿನಿಂದ ಎರಡು ಮನೆಗಳಿಗೂ ಬೆಂಕಿ-ನೀರಿನ ಬಳಕೆ ಇಲ್ಲ. ಬೀದಿಯಲ್ಲಿ ಇವಳು ಬಂದರೆ ಅವನು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದ. ಮೂವತ್ತಕ್ಕೇ ತಾಳಿ ಕಳೆದುಕೊಂಡ ರುದ್ರಮ್ಮ ಕೂಲಿ ಮಾಡಿ ಇದ್ದೊಬ್ಬ ಮಗಳನ್ನು ಬೇಲೂರಿಗೆ ಕೊಟ್ಟು, ಉಳಿದದ್ದನ್ನು ಹೀಗೇ ಸವೆಸುತ್ತಿದ್ದಳು.

“ನಾನು ಬುತ್ತಿ ಹೊತ್ಕೊಂಡು ಹೋದಾಗ ಆಗೋಗಿತ್ತು,” ಎಂದಳು ಟಿವಿ ನೋಡುತ್ತಲೇ. “ಮಚ್ಚು ಅತ್ಲಾಗೆ ಬಿದ್ದಿತ್ತು. ಅವನು ನಮ್ಮ ಯಜಮಾನ್ರ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದ. ಅವನ ಟವೆಲ್ಲೇ ಕುತ್ತಿಗೆಗೆ ಒತ್ತಿ ಹಿಡಿದಿದ್ದ. ನನ್ನ ನೋಡಿ, ಅಕ್ಕಾ ನೀರು ತಾ, ನೀರು ತಾ ಅಂದ. ಅವನೇ ಕಡಿದೋನು, ಅವನೇ ನೀರು ಕೇಳ್ತಾನೆ. ಪೋಲೀಸ್ರು ಬರೋವರ್ಗೂ ಎದ್ದು ಓಡ್ಲಿಲ್ಲ. ಹೊಟ್ಟೇಲಿದ್ದಿದ್ದೆಲ್ಲ ವಾಂತಿ ಮಾಡ್ಕೊಂಡ. ಕೊಂದೋನು ಅಂದ್ರೆ ಅದು. ಇವನ್ಯಾವನೋ ಕೋಳಿ ತಿಂತಾನಂತೆ, ತಲೆ ಬಾಚ್ಕೊತಾನಂತೆ. ಬರೆಯೋರು ಯಾರಾದ್ರೂ ಒಂದು ಹೆಣಾನಾದ್ರೂ ಮುಟ್ಟವ್ರಾ?”

ಸೊಸೆ ಹಿಂದಿಯನ್ನು ಕನ್ನಡ ಮಾಡುವುದನ್ನೇ ಮರೆತು ಕೂತಿದ್ದಳು. ಟಿವಿ ತನ್ನ ಪಾಡಿಗೆ ತಾನು ಗುಂಡು ಹಾರಿಸುತ್ತಿತ್ತು.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಸಿದ್ದಬಸಪ್ಪನಿಗೆ ಗಂಗಾಂಬಿಕೆ ಎಂಬ ಮಗಳಿದ್ದಳು. ಕೊಲೆಯಾದಾಗ ತೊಟ್ಟಿಲಲ್ಲಿದ್ದ ಕೂಸು, ಈಗ ಇಪ್ಪತ್ತೊಂದರ ಹೆಣ್ಣು. ಮೂರು ಸಂಬಂಧ ಬಂದು, ಅಪ್ಪನ ಸುದ್ದಿ ಕೇಳಿ ಹಿಂದೆ ಸರಿದಿದ್ದವು. ನಾಲ್ಕನೆಯದು ಬಾಣಾವರದ್ದು. ಅವರು ಒಂದು ಮಾತು ಇಟ್ಟಿದ್ದರು: “ಸತ್ತೋರ ಮನೆಯೋರು ನಿಶ್ಚಯದ ಒಪ್ಪು ವೀಳ್ಯದಲ್ಲಿ ಕೂತು, ಸಿದ್ದಬಸಪ್ಪನ ಕೈಯಿಂದ ಎಲೆ ಅಡಿಕೆ ಇಸ್ಕೋಬೇಕು. ಹಗೆ ತೀರಿದೆ ಅಂತ ನಮ್ಗೆ ಕಾಣಬೇಕು. ಇಲ್ದಿದ್ರೆ ಹೆಣ್ಣು ಬೇಡ.” ಸತ್ತವನ ಮನೆಯಲ್ಲಿ ಉಳಿದವಳು ರುದ್ರಮ್ಮ ಒಬ್ಬಳೇ. ಊರಿನ ಹಿರಿಯನಾಗಿ ಈ ಸಂಬಂಧಕ್ಕೆ ನಡುವೆ ನಿಂತಿದ್ದ ಕರಿಬಸವಯ್ಯ ಎರಡು ತಿಂಗಳಿಂದ ಹೇಳಿ ಹೇಳಿ ಸೋತಿದ್ದ. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಈಗ ಟಿವಿ ಮುಂದೆ ಅವಳಾಡಿದ ಮಾತು ಅವನಿಗೆ ಒಪ್ಪಿಗೆಯ ಹಾಗೆ ಕೇಳಿಸಿತು. ಮಂಗಳವಾರದ ಬಸ್ಸಿಗೇ ಬಾಣಾವರಕ್ಕೆ ಹೋಗಿ, “ಅವಳ ಬಾಯಲ್ಲೇ ಬಂತು, ಹತ್ತು ಜನರ ಮುಂದೆ. ಅವನು ಅಂಥಾ ಕೊಲೆಗಾರ ಅಲ್ಲ ಅಂದ್ಲು,” ಎಂದು ಶುಕ್ರವಾರಕ್ಕೆ ವೀಳ್ಯ ಗೊತ್ತು ಮಾಡಿಕೊಂಡು ಬಂದ. ರುದ್ರಮ್ಮನಿಗೆ ಸುದ್ದಿ ತಿಳಿದದ್ದು ಕೊಬ್ಬರಿ ಮಂಡಿಯಲ್ಲಿ, ಬೋರಮ್ಮನ ಬಾಯಿಂದ.

ಚಿಪ್ಪು ಕೆಳಗಿಟ್ಟು ನೆಟ್ಟಗೆ ಕರಿಬಸವಯ್ಯನ ಮನೆಗೆ ನಡೆದಳು.

“ನಾನು ಹೇಳಿದ್ದು ಟಿವಿಯೋನಿಗೆ ಕಣಣ್ಣ.”

“ಟಿವಿಗೆ ಹೇಳಿದ್ರೇನು, ಬಾಯಿ ನಿಂದೇ ಅಲ್ವೇ?”

“ಕೋಟಪ್ಪ ಸುಳ್ಳು ಅಂದೆ. ಸಿದ್ದಬಸಪ್ಪ ಒಳ್ಳೇವ್ನು ಅಂತ ಎಲ್ಲಿ ಅಂದೆ?”

“ನಾನು ಹಂಗೆ ತಿಳ್ಕೊಂಡೆ ಬಿಡವ್ವ. ಈಗ ಮಾತು ಕೊಟ್ಟಾಗೈತೆ. ನೀನು ಬರ್ದಿದ್ರೆ ಆ ಹೆಣ್ಣಿನ ಬಾಳು ಅಲ್ಲಿಗೆ ಮುಗೀತು, ನೋಡು.”

ರುದ್ರಮ್ಮ ಜಗಲಿಯ ಮೇಲೆ ಕೂತಳು. ಬೈಯುವುದಕ್ಕೂ ಅವಳಲ್ಲಿ ಕಸುವಿರಲಿಲ್ಲ. ಒಂದು ಜನ್ಮಕ್ಕೆ ಎಷ್ಟು ಸಲ ಅದೇ ಮರದ ಬುಡಕ್ಕೆ ಹೋಗಿ ನಿಲ್ಲುವುದು ಅನ್ನಿಸಿತು.

ಗುರುವಾರ ಮಧ್ಯಾಹ್ನ ಗಂಗಾಂಬಿಕೆ ಬಂದಳು. ಇಪ್ಪತ್ತು ವರ್ಷದಲ್ಲಿ ಆ ಮನೆಯವರು ಈ ಹೊಸಿಲ ಬಳಿ ಬಂದದ್ದು ಅದೇ ಮೊದಲು. ಒಳಗೆ ಕಾಲಿಡಲಿಲ್ಲ.

“ದೊಡ್ಡವ್ವ, ನನಗೋಸ್ಕರ ಅಂತ ಬರಬೇಡಿ,” ಎಂದಳು. “ಎಲೆ ಇಸ್ಕೊಂಡ್ರೆ ಎಲ್ಲಾ ಮುಗೀತು ಅಂತಾರೆ. ಮುಗಿಯಲ್ಲ. ಅಪ್ಪ ಈಗ್ಲೂ ಮಚ್ಚು ಮುಟ್ಟಲ್ಲ, ಕಾಯಿ ಸುಲಿಯಕ್ಕೆ ಬೇರೆಯೋರ್ನ ಕರೀತಾನೆ.”

ರುದ್ರಮ್ಮ ಆ ಹುಡುಗಿಯ ಮುಖ ನೋಡಿದಳು. ಬೇಡುವ ಮುಖವಲ್ಲ, ಅದೂ ದಣಿದ ಮುಖವೇ. ಇಷ್ಟು ಚಿಕ್ಕ ವಯಸ್ಸಿಗೆ ಇದ್ಯಾವ ದಣಿವು ಎಂದುಕೊಂಡಳು.

“ಸೀರೆ ಐತಾ ನಾಳೆಗೆ?” ಎಂದು ಕೇಳಿದಳು.

“ಐತೆ.”

“ಹೋಗು ಮತ್ತೆ.”

ಶುಕ್ರವಾರ ಸಿದ್ದಬಸಪ್ಪನ ಮನೆಯ ಮುಂದೆ ಚಪ್ಪರ, ಜಮಖಾನ. ಬಾಣಾವರದವರು ಒಂದು ಸಾಲು, ಎದುರಿಗೆ ಊರವರು. ಮುತ್ತೈದೆಯರೆಲ್ಲ ಮುಂದೆ ಕೂತಿದ್ದರು. ರುದ್ರಮ್ಮ ಅಭ್ಯಾಸಬಲದಿಂದ ಹಿಂದೆ, ನೀರಿನ ಹಂಡೆಯ ಮಗ್ಗುಲಿಗೆ ಹೋಗಿ ನಿಂತಳು. ಗಂಡ ಸತ್ತ ಮೇಲೆ ಶುಭಕಾರ್ಯದಲ್ಲಿ ಅವಳ ಜಾಗ ಅದೇ. ಯಾರೂ ಹೇಳಬೇಕಾಗಿರಲಿಲ್ಲ.

“ಮುಂದೆ ಬಾರವ್ವ,” ಎಂದು ಕರಿಬಸವಯ್ಯ ಕೂಗಿದ.

ಹೆಂಗಸರಲ್ಲಿ ಗುಜುಗುಜು ಎದ್ದಿತು. ವರನ ಸೋದರತ್ತೆಯೊಬ್ಬಳು, “ಒಪ್ಪು ವೀಳ್ಯಕ್ಕೆ ವಿಧವೇನ ಮುಂದೆ ಕೂರಿಸ್ತಾರಾ?” ಎಂದು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿತು.

ರುದ್ರಮ್ಮ ನಡುವೆ ಬಂದು ನಿಂತು ಅವಳ ಕಡೆ ತಿರುಗಿದಳು. “ನೀವೇ ಅಲ್ವಾ ತಾಯಿ ಹೇಳಿ ಕಳಿಸಿದ್ದು, ನಾನು ಬರಬೇಕು ಅಂತ? ನಾನು ಮುತ್ತೈದೆ ಆಗಿದ್ದಿದ್ರೆ ನಿಮ್ಗೆ ನನ್ನ ಕೈಯೇ ಬೇಕಾಗ್ತಿರ್ಲಿಲ್ಲ.”

ಅವಳು ಮಂಡಿ ಹಿಡಿದುಕೊಂಡು ಜಮಖಾನದ ಮೇಲೆ ಕೂತಳು.

ಸಿದ್ದಬಸಪ್ಪ ತಟ್ಟೆ ತಂದ. ಕೂದಲೆಲ್ಲ ನೆರೆತು, ಬೆನ್ನು ಬಾಗಿತ್ತು. ಇಪ್ಪತ್ತು ವರ್ಷದ ಮೇಲೆ ಅವನ ಮುಖವನ್ನು ಅವಳು ಹತ್ತಿರದಿಂದ ಕಂಡದ್ದು ಈಗಲೇ. ತಟ್ಟೆಯನ್ನು ಅವಳ ಮುಂದೆ ಹಿಡಿದ. “ಅಕ್ಕಾ...” ಎಂದು ಏನೋ ಹೇಳಹೋದ.

“ಮಾತು ಬೇಡ,” ಎಂದಳು ರುದ್ರಮ್ಮ. ಬಾಣಾವರದ ಹಿರಿಯನ ಕಡೆ ನೋಡಿದಳು. “ಸ್ವಾಮಿ, ಹಗೆ ತೀರಿತು ಅಂತ ನಾನು ಸುಳ್ಳು ಹೇಳಲ್ಲ. ಇವನು ನನ್ನ ಗಂಡನ್ನ ಕಡಿದೋನು, ಅದು ಅಳಿಸಿ ಹೋಗೋದಲ್ಲ. ಆದ್ರೆ ಆವತ್ತು ಈ ಹುಡುಗಿ ತೊಟ್ಟಿಲಲ್ಲಿತ್ತು. ಅದಕ್ಕೋಸ್ಕರ ಇಸ್ಕೋತೀನಿ. ಆಗ್ತದಾ, ಇಲ್ವಾ, ನೀವೇ ಹೇಳಿ.”

ಹಿರಿಯ ತನ್ನ ಮಗನ ಮುಖ ನೋಡಿದ, ಕರಿಬಸವಯ್ಯನ ಮುಖ ನೋಡಿದ. ಕೊನೆಗೆ, “ಎಲೆ ಇಸ್ಕೊಳ್ಳಿ ತಾಯಿ, ಅಷ್ಟು ಸಾಕು,” ಎಂದ.

ಇಸಿದುಕೊಂಡಳು. ಓಲಗದವರು ಒಂದು ಸಲ ಊದಿದರು.

ಊಟಕ್ಕೆ ಎಷ್ಟು ಕರೆದರೂ ನಿಲ್ಲಲಿಲ್ಲ. ಎಲೆ ಅಡಿಕೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದಳು. ಬಂದಮೇಲೆ ಅದನ್ನೇನು ಮಾಡುವುದು ಎಂದು ತೋಚಲಿಲ್ಲ. ಬಾಯಿಗೆ ಹಾಕಿಕೊಳ್ಳಲು ಆಗದು. ತಿಪ್ಪೆಗೆ ಎಸೆದರೆ ಆ ಹುಡುಗಿಗೆ ಅಶುಭ. ಕೊನೆಗೆ ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ಹಿಡಿದಳು. ಹಸು ಎರಡೂ ಎಲೆ ಮೆದ್ದಿತು. ಅಡಿಕೆಯನ್ನು ಮೂಸಿ ನೋಡಿ, ಮುಖ ತಿರುಗಿಸಿತು.