ಕಾಜಾ ಮಾಮನ ಕತ್ತರಿ

ನಮ್ಮ ಬೀದಿಯ ಹೊಲಿಗೆ ಅಂಗಡಿಯಲ್ಲಿ ಕಾಜಾ ಮಾಮ ಎಂಬುವವರಿದ್ದರು. ಗುಂಡಿ ತೂರಿಸುವ ಕಿಂಡಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಅದನ್ನು ಹೊಲಿಯುವುದೊಂದೇ ಅವರ ಪಾಲಿಗೆ ಉಳಿದಿದ್ದರಿಂದ ಆ ಹೆಸರು. ಮೊದಲು ಬಟ್ಟೆ ಕತ್ತರಿಸುತ್ತಿದ್ದವರೇ ಅವರು. ಆಮೇಲೆ ಪಕ್ಕದಲ್ಲಿ ಯಾರೂ ಇಲ್ಲದಾಗಲೂ ಅವರಿಗೆ ಮಾತುಗಳು ಕೇಳಿಸತೊಡಗಿದವು. ವೈದ್ಯರು ಅದಕ್ಕೆ ಸ್ಕಿಜೋಫ್ರೀನಿಯಾ ಎಂದರು. ಅಂಗಡಿಯ ಯಜಮಾನರಾದ ಅವರ ಭಾವ ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಾತ್ರೆಗಳಿಂದ ಮಾಮ ಸುಧಾರಿಸಿದರು, ಬೀಗ ಸುಧಾರಿಸಲಿಲ್ಲ.

"ಭಾವ, ಕತ್ತರಿ?" ಎಂದು ಮಾಮ ಕೇಳುವರು.

"ನೋಡೋಣ" ಎಂದು ಭಾವ ಹೇಳುವರು. ಸಂಭಾಷಣೆ ಅಲ್ಲಿಗೆ ಮುಗಿಯುವುದು.

ಇಂಥ ಕಾಯಿಲೆಯವರ ಮಿದುಳಿನ ಚಟುವಟಿಕೆಯನ್ನು ಅಳೆಯಲು ಆಸ್ಪತ್ರೆಯವರು ಮಾಮನನ್ನು ಕರೆದರು. ಕತ್ತರಿಯ ವಿಷಯದಲ್ಲಿ ಯಂತ್ರ ಹೇಳಿದಂತೆ ನಡೆದುಕೊಳ್ಳುವೆನೆಂದು ಭಾವ ಒಪ್ಪಿದರು. ಭಾವನ ಹೆಂಡತಿ, ಅಂದರೆ ಮಾಮನ ಅಕ್ಕನೂ ಜೊತೆಗೆ ಹೋದರು. ಮುಂದಿನದನ್ನೆಲ್ಲ ನನಗೆ ಹೇಳಿದವರು ಅವರೇ.

ಅಲ್ಲಿನ ತಂತ್ರಜ್ಞೆ ಮಾಮನ ತಲೆಗೆ ತಂತಿಗಳ ಟೋಪಿ ತೊಡಿಸಿ, "ಕಣ್ಣು ಮುಚ್ಚಿ, ಮಾತಾಡ್ಬೇಡಿ" ಎಂದಳು. ಮನೆಯಲ್ಲೂ ಅಂಗಡಿಯಲ್ಲೂ ಏಕವಚನದಲ್ಲೇ ಬಾಳಿದ್ದ ಮಾಮ ಆ ಬಹುವಚನವನ್ನು ಅಕ್ಷರಶಃ ತೆಗೆದುಕೊಂಡರು.

"ನಾನೇನೋ ಸುಮ್ನಿರ್ತೀನಮ್ಮ. ಅವರಿಗೂ ಒಂದು ಮಾತು ಹೇಳ್ಬಿಡಿ."

"ಎಷ್ಟು ಜನ ಇದ್ದಾರೆ?"

"ಇವತ್ತು ಒಬ್ಬರೇ. ಗೊಣಗೋರು."

"ಇಬ್ಬರಿಗೂ ಸೇರಿಸಿಯೇ ಹೇಳಿದ್ದು."

ವ್ಯಾಕರಣ ಸರಿಹೋಯಿತು. ಮಾಮ ಕಣ್ಣು ಮುಚ್ಚಿದರು. ಕಿವಿಗಿಟ್ಟ ಇಯರ್‌ಫೋನಿನಲ್ಲಿ ಟಿಕ್ ಟಿಕ್ ಎಂದು ಜೋಡಿ ಸದ್ದುಗಳು ಬಂದವು. ಪರದೆಯ ಮೇಲೆ ಗೆರೆಗಳು ಏರಿಳಿದವು.

ಆಮೇಲೆ ಮಾಮನನ್ನು ನೋಡಿಕೊಳ್ಳುತ್ತಿದ್ದ ವೈದ್ಯೆ ವಿವರಿಸಿದರು: "ಅದೇ ಸದ್ದು ತಕ್ಷಣ ಇನ್ನೊಂದು ಸಲ ಬಂದ್ರೆ, ಮಿದುಳು ಸಾಮಾನ್ಯವಾಗಿ ಗೊತ್ತಿರೋದೇ ಅಂತ ಅಷ್ಟು ಗಮನ ಕೊಡಲ್ಲ. ಈ ಕಾಯಿಲೆ ಇರೋ ಅನೇಕರಲ್ಲಿ ಆ ಅಲಕ್ಷ್ಯ ಕಡಿಮೆ."

"ಅಂದ್ರೆ ಎರಡನೇ ಸಲ ಹೇಳಿದ್ದೂ ಕೇಳ್ಸುತ್ತೆ" ಎಂದರು ಅಕ್ಕ. "ನಮ್ಮನೆಯವರಿಗೆ ಮೊದಲನೇದೇ ಕೇಳ್ಸಲ್ಲ. ಅವರಿಗೂ ಒಂದು ಟೋಪಿ ಹಾಕಿ ನೋಡಿ ಡಾಕ್ಟ್ರೇ."

"ನಿಮ್ಮಪ್ಪ ಮದುವೇಲೇ ಟೋಪಿ ಹಾಕಿದ್ರಲ್ಲ" ಎಂದ ಭಾವ, ವೈದ್ಯೆಯ ಕಡೆ ತಿರುಗಿದರು. "ಇವನ ಕೈಗೆ ಕತ್ತರಿ ಕೊಡಬಹುದಾ? ಗೆರೆ ಏನನ್ನುತ್ತೆ?"

"ಗೆರೆ ಅದನ್ನ ಹೇಳಲ್ಲ. ತುಂಬಾ ಜನರದ್ದು ಸೇರಿಸಿ ನೋಡಿದಾಗ ವ್ಯತ್ಯಾಸ ಕಾಣುತ್ತೆ, ಅಷ್ಟೆ. ಚಿಕಿತ್ಸೆ ನೋಡ್ತಿರೋ ನಾನು ಹೇಳ್ತೀನಿ, ಇವರು ಚೆನ್ನಾಗಿದ್ದಾರೆ. ಕೊಡಿ. ಮನಸ್ಸಲ್ಲಿ ಅನುಮಾನ ಇದ್ರೆ ಇವರನ್ನೇ ಕೇಳಿ."

ಅಷ್ಟು ದಿನ ಭಾವನಿಗೆ ಅದು ಹೊಳೆದಿರಲಿಲ್ಲ. "ಏನಪ್ಪಾ, ಆ ಗೊಣಗೋರು ಕತ್ತರಿ ವಿಷಯ ಏನಾದ್ರೂ ಹೇಳ್ತಾರಾ?"

"ಹೇಳ್ತಾರೆ ಭಾವ. ನೀವು ಕತ್ತರಿಸೋ ಕಾಲರು ಸೊಟ್ಟ ಅಂತಾರೆ."

"ಅದನ್ನ ಇಡೀ ಬೀದಿ ಹೇಳುತ್ತೆ" ಎಂದರು ಅಕ್ಕ.

ಅಂದು ಸಂಜೆ ಭಾವ ಬೀರು ತೆರೆದರು. ಮಾಮ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕಾವಲು ನಿಂತದ್ದು ತಿಳಿಯಬಾರದೆಂದು ಭಾವ ಟೇಪು ಹಿಡಿದು ಮೇಜಿನ ಉದ್ದವನ್ನು ಅಳೆಯತೊಡಗಿದರು.

"ಭಾವ, ಸ್ವಲ್ಪ ಆ ಕಡೆ. ಬೆಳಕಿಗೆ ಅಡ್ಡ ಆಗ್ತೀರಿ."

ಭಾವ ಆ ಕಡೆಗೆ ಸರಿದರು.